ರಂಗದ ಮೇಲೆ ವಿಜ್ಞಾನ: ಮಲೆನಾಡಿನ ಮೇಷ್ಟ್ರು, ಪೋಷಕರು, ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳಿಂದ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಹೊಸಬರು ಮೇಲಿನಿಂದ ಓದಿ. ನಿನ್ನೆಯಷ್ಟೇ ಪ್ರಯೋಗ ಕೈಕೊಟ್ಟು ತಲೆ ಕೆರೆದುಕೊಳ್ಳುತ್ತಿರುವವರು ನೇರ ಮೂರನೆಯ ಭಾಗಕ್ಕೆ ಹೋಗಬಹುದು.

## ಶುರು ಮಾಡುವ ಮುಂಚೆ

ವಿಜ್ಞಾನ ನಾಟಕ ಅಂದ್ರೆ ನ್ಯೂಟನ್ ವೇಷ ಹಾಕಿಸಿ ಸೇಬು ಬೀಳಿಸೋದಾ?

ಅಲ್ಲ. ಅದು ವಿಜ್ಞಾನಿಯ ಕತೆ. ಪ್ರತಿಭಾ ಕಾರಂಜಿಗೆ ಚೆನ್ನಾಗಿರುತ್ತದೆ, ಆದರೆ ಸೇಬು ಯಾಕೆ ಬಿತ್ತು ಎಂಬುದು ಆಡಿದ ಹುಡುಗನಿಗೂ ಗೊತ್ತಾಗಿರುವುದಿಲ್ಲ. ಇಲ್ಲಿ ನಾವು ಹೇಳುತ್ತಿರುವುದು ರಂಗದ ಮೇಲೆ ನಿಜವಾದ ಪ್ರಯೋಗವೊಂದು ನಡೆಯುವ ಆಟ. ಅದರ ಫಲಿತಾಂಶವೇ ಕತೆಯ ತಿರುವು, ಅದು ಏನಾಗುತ್ತದೆಂದು ಕೂತ ಮಕ್ಕಳು ಮೊದಲೇ ಪಣ ಕಟ್ಟಿರಬೇಕು. ವೇಷ, ಹಾಡು, ಮದ್ದಳೆ ಎಲ್ಲ ಆಮೇಲಿನದು.

ಪ್ರಯೋಗ ಮಾಡಿ ತೋರಿಸಿದ್ರೆ ಸಾಕಲ್ವಾ ಸರ್, ನಾಟಕ ಯಾಕೆ?

ತೋರಿಸಿದರೆ ಸಾಲದು. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಎರಿಕ್ ಮಜೂರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳ ತಿಳಿವಳಿಕೆ, ನೋಡದೇ ಇದ್ದವರಿಗಿಂತ ಹೆಚ್ಚೇನೂ ಮೇಲಿರಲಿಲ್ಲ. ‘ಏನಾಗಬಹುದು?’ ಎಂದು ಮೊದಲೇ ಊಹಿಸಿದವರ ತಿಳಿವಳಿಕೆ ಮಾತ್ರ ಸ್ಪಷ್ಟವಾಗಿ ಏರಿತು. ಕಾಲೇಜಿನವರ ಪಾಡೇ ಹೀಗಾದರೆ ಐದನೇ ಕ್ಲಾಸಿನವರದು ಕೇಳಬೇಕೆ!

ಊಹೆಯನ್ನು ಬಾಯಿಬಿಟ್ಟು ಹೇಳಿಸುವುದು, ಎರಡು ಊಹೆಗಳನ್ನು ಎದುರುಬದುರು ನಿಲ್ಲಿಸುವುದು, ಉತ್ತರಕ್ಕೆ ಕಾಯಿಸುವುದು, ಇವೆಲ್ಲ ನಾಟಕದವರ ಕಸುಬು. ಅದಕ್ಕೇ ನಾಟಕ. ಹೊಗೆ, ಸದ್ದು, ಬಣ್ಣಕ್ಕಾಗಿ ಅಲ್ಲ.

ನಮ್ಮ ಶಾಲೇಲಿ ಲ್ಯಾಬೂ ಇಲ್ಲ, ಸ್ಟೇಜೂ ಇಲ್ಲ. ಎಲ್ಲಿಂದ ಶುರು ಮಾಡೋದು?

ಅರಿಶಿನ ಮತ್ತು ಸುಣ್ಣದಿಂದ. ಆರತಿಯ ಕೆಂಪು ನೀರನ್ನು ನೋಡದ ಮಗು ಮಲೆನಾಡಿನಲ್ಲಿಲ್ಲ, ಆದರೆ ಹಳದಿಗೆ ಬಿಳಿ ಸೇರಿದರೆ ಕೆಂಪು ಹೇಗಾಯಿತೆಂದು ಕೇಳಿಕೊಂಡ ಮಗು ಅಪರೂಪ.

ಒಂದು ಲೋಟದಲ್ಲಿ 200 ಮಿಲಿ ನೀರಿಗೆ ಅರ್ಧ ಚಮಚ ಅರಿಶಿನ ಕಲಸಿ. ಇನ್ನೊಂದರಲ್ಲಿ ಕಡಲೆಕಾಳಿನಷ್ಟು ಎಲೆಅಡಿಕೆಯ ಸುಣ್ಣವನ್ನು 100 ಮಿಲಿ ನೀರಿಗೆ ಕದಡಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ಬಸಿದುಕೊಳ್ಳಿ. ನೋಡುವವರಿಗೆ ಅದು ಬರೀ ನೀರು. ‘ನೀರಿಗೆ ನೀರು ಸೇರಿಸಿದರೆ ಬಣ್ಣ ಏನಾಗುತ್ತದೆ?’ ಎಂದು ಕೇಳಿ, ಕೈ ಎತ್ತಿಸಿ, ಆಮೇಲೆ ಸುರಿಯಿರಿ. ಕೆಂಪಾಯಿತು. ಈಗ ಅರ್ಧ ನಿಂಬೆಹಣ್ಣು ಹಿಂಡುವ ಮುಂಚೆ ಮತ್ತೆ ಕೇಳಿ. ಹಳದಿ ವಾಪಸು ಬರುತ್ತದೆ. ಮೂರನೆಯ ಸುತ್ತಿಗೆ ಸಾಬೂನು ನೀರು. ಅಷ್ಟರಲ್ಲಿ ಯಾರಾದರೊಬ್ಬರು ‘ಅರಿಶಿನದ ಕಲೆ ಸೋಪು ಹಾಕಿದ ಕೂಡಲೇ ಕೆಂಪಾಗ್ತದೆ, ಅಮ್ಮ ಬೈತಾರೆ’ ಎಂದೇ ಎನ್ನುತ್ತಾರೆ. ಅಲ್ಲಿಂದ ಆಮ್ಲ, ಪ್ರತ್ಯಾಮ್ಲದ ಮಾತು ತಾನಾಗಿ ಏಳುತ್ತದೆ.

ಹಿಂದೆ ಕೂತವರಿಗೂ ಕಾಣಬೇಕೆಂದರೆ ಬಿಳಿ ಡ್ರಾಯಿಂಗ್ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ, ಸುಣ್ಣದ ತಿಳಿಯಲ್ಲಿ ಹತ್ತಿ ಅದ್ದಿ ಬರೆಯಿರಿ. ಕೆಂಪು ಅಕ್ಷರ ಎದ್ದು ಬರುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಗಂಡಾಂತರ, ಅದನ್ನು ಕಲಸುವುದು ದೊಡ್ಡವರ ಕೆಲಸ.

ಎಷ್ಟು ಹೊತ್ತಿನ ಆಟ? ಎಷ್ಟು ಮಕ್ಕಳನ್ನ ಕೂರಿಸಬಹುದು?

ಪ್ರಾಥಮಿಕ ಶಾಲೆಗೆ 30 ನಿಮಿಷ, ಹೈಸ್ಕೂಲಿಗೆ 45. ಅದರಲ್ಲಿ ಮೂರು ಪ್ರಯೋಗ ಸಾಕು, ನಾಲ್ಕನೆಯದು ಹೊರೆ. ನೂರು ಮಕ್ಕಳ ಮೇಲಾದರೆ ಎರಡು ಸಲ ಆಡಿ. ಬಿಸಿಯೂಟ ಆದ ಕೂಡಲೇ ಬೇಡ.

## ಆಟ ಕಟ್ಟುವುದು

ತಾಳಮದ್ದಳೆ ಥರ ಮಾಡಬಹುದು ಅಂತಾರಲ್ಲ, ಹೇಗೆ?

ನಮ್ಮ ಸೀಮೆಗೆ ಇದಕ್ಕಿಂತ ಒಳ್ಳೆಯ ಅಚ್ಚು ಇಲ್ಲ. ವೇಷ ಬೇಡ, ಪರದೆ ಬೇಡ, ಕೂತು ವಾದ ಮಾಡಬೇಕು. ವಿಜ್ಞಾನದಲ್ಲೂ ಇರುವುದು ಅದೇ, ಕೊನೆಗೆ ತೀರ್ಪು ಹೇಳುವುದು ಮಾತ್ರ ವಸ್ತು.

ಭಾಗವತರ ಜಾಗದಲ್ಲಿ ಶಿಕ್ಷಕರು ಕೂರಲಿ. ಅವರು ಪ್ರಶ್ನೆ ಎತ್ತಬಹುದು, ಉತ್ತರ ಹೇಳಬಾರದು. ಇಬ್ಬರು ಮಕ್ಕಳು ಅರ್ಥಧಾರಿಗಳು, ಎದುರುಬದುರು ಪಕ್ಷದವರು. ಒಬ್ಬರು ಹಾಸ್ಯಗಾರ. ಈ ಹಾಸ್ಯಗಾರನೇ ಆಟದ ಜೀವ: ಕೂತ ಮಕ್ಕಳ ಮನಸ್ಸಿನಲ್ಲಿರುವ, ಹೇಳಲು ನಾಚುವ ತಪ್ಪು ಊಹೆಯನ್ನು ಅವನು ಜೋರಾಗಿ ಹೇಳಿಬಿಡುತ್ತಾನೆ. ಅವನನ್ನು ದಡ್ಡನಂತೆ ತೋರಿಸಬೇಡಿ. ತಪ್ಪಾದರೂ ಕಾರಣ ಕೊಟ್ಟು ಮಾತಾಡುವ ಚುರುಕು ಅವನಿಗಿರಬೇಕು, ಇಲ್ಲದಿದ್ದರೆ ಅದೇ ಊಹೆ ಇಟ್ಟುಕೊಂಡಿದ್ದ ಮಗು ಮುದುಡಿಕೊಳ್ಳುತ್ತದೆ.

ಪ್ರಸಂಗ: ಸಿಪ್ಪೆ ಸಮೇತ ತೆಂಗಿನಕಾಯಿ ಮತ್ತು ಒಂದು ಹಸಿ ಅಡಿಕೆ ಒಟ್ಟಿಗೆ ಬಿದ್ದರೆ ಮೊದಲು ನೆಲ ಮುಟ್ಟುವುದು ಯಾವುದು?

— ಕಾಯಿ ಅಡಿಕೆಗಿಂತ ಎಷ್ಟು ಪಟ್ಟು ಭಾರ! ಭೂಮಿ ಅದನ್ನೇ ಜಾಸ್ತಿ ಎಳೆಯುವುದು, ಅದೇ ಮೊದಲು.
— ಜಾಸ್ತಿ ಎಳೆಯುತ್ತದೆ, ಒಪ್ಪಿದೆ. ಆದರೆ ಭಾರದ್ದನ್ನು ಜಗ್ಗಿ ಓಡಿಸುವುದೂ ಅಷ್ಟೇ ಕಷ್ಟವಲ್ಲವೋ? ತುಂಬಿದ ಗಾಡಿ, ಖಾಲಿ ಗಾಡಿ ಎರಡನ್ನೂ ದೂಡಿ ನೋಡಿದ್ದೀಯಾ?
— ಹಾಗಾದರೆ ಕಾಗದ ಯಾಕಯ್ಯ ತೇಲಿಕೊಂಡು ಬರುತ್ತದೆ?

ಇಲ್ಲಿ ಭಾಗವತರು ತಡೆದು ಸಭೆಯ ಪಣ ಕೇಳಬೇಕು. ಬೀಳುವ ಜಾಗದಲ್ಲಿ ತಗಡಿನ ಹಾಳೆ ಹಾಸಿ, ಕಣ್ಣಿಗಿಂತ ಕಿವಿ ಚೆನ್ನಾಗಿ ತೀರ್ಪು ಕೊಡುತ್ತದೆ. ಎರಡು ಮೀಟರ್ ಎತ್ತರದಿಂದ ಬೀಳಲು ಬೇಕಾದದ್ದು ಸುಮಾರು 0.64 ಸೆಕೆಂಡು. ಒಂದೇ ಸದ್ದು ಬಂದರೆ ಒಟ್ಟಿಗೆ ಬಿತ್ತೆಂದು ಲೆಕ್ಕ. ಎರಡು ಕೈಯಲ್ಲಿ ಹಿಡಿದು ಬಿಟ್ಟರೆ ಭಾರದ ಕಾಯಿ ತಡವಾಗಿ ಬೀಳುವುದುಂಟು. ಬಿಗಿಯಾಗಿ ಹಿಡಿದ ಕೈ ಬಿಚ್ಚಿಕೊಳ್ಳುವುದು ನಿಧಾನ, ಅಷ್ಟೇ. ಎರಡನ್ನೂ ಒಂದು ಹಲಗೆಯ ಮೇಲಿಟ್ಟು ಹಲಗೆಯನ್ನು ಸರಕ್ಕನೆ ಕೆಳಕ್ಕೆ ಜಗ್ಗಿದರೆ ಆ ದೋಷ ಇಲ್ಲ. ಕೊನೆಗೆ ಕಾಗದದ ಪ್ರಶ್ನೆಗೆ ಉತ್ತರ: ನೋಟ್‌ಬುಕ್ಕಿನ ಮೇಲೆ ಅದಕ್ಕಿಂತ ಸಣ್ಣ ಕಾಗದದ ಚೂರು ಇಟ್ಟು ಬೀಳಿಸಿ. ಅಡ್ಡ ಬರುವ ಗಾಳಿಯನ್ನು ಪುಸ್ತಕ ತಳ್ಳಿಕೊಂಡು ಹೋಗುವುದರಿಂದ ಕಾಗದ ಅದರ ಬೆನ್ನು ಬಿಡುವುದೇ ಇಲ್ಲ.

ಮಾತು ಮನೆಯ ಕನ್ನಡದಲ್ಲೇ ಇರಲಿ. ‘ಗುರುತ್ವ ವೇಗೋತ್ಕರ್ಷ’ದಂಥ ಪಠ್ಯದ ಪದ ಎಲ್ಲ ಮುಗಿದ ಮೇಲೆ ಒಂದು ಸಲ ಬಂದರೆ ಸಾಕು.

ಏನು ಕೇಳಿದ್ರೂ ಮಕ್ಕಳು ಸುಮ್ನೆ ಕೂರ್ತಾರೆ ಮೇಡಂ. ಊಹೆ ಹೇಳಿಸೋದು ಹೇಗೆ?

‘ಏನಾಗುತ್ತದೆ ಹೇಳಿ’ ಎಂಬ ತೆರೆದ ಪ್ರಶ್ನೆಗೆ ಹಳ್ಳಿ ಶಾಲೆಯಲ್ಲಿ ಮೌನವೇ ಉತ್ತರ. ಎರಡೋ ಮೂರೋ ಆಯ್ಕೆ ಕೊಡಿ, ಉತ್ತರವನ್ನು ಬಾಯಿಂದ ಅಲ್ಲ, ಕಾಲಿನಿಂದ ಕೇಳಿ: ‘ಕಾಯಿ ಮೊದಲು ಅನ್ನೋರು ಕಿಟಕಿ ಕಡೆ, ಅಡಿಕೆ ಅನ್ನೋರು ಬಾಗಿಲ ಕಡೆ, ಎರಡೂ ಒಟ್ಟಿಗೆ ಅನ್ನೋರು ನಡುವೆ.’ ಜಾಗ ಸಾಲದಿದ್ದರೆ ಎಲ್ಲರೂ ಕಣ್ಣು ಮುಚ್ಚಿ ಕೈ ಎತ್ತಲಿ. ಕ್ಲಾಸಿನ ಜಾಣನ ಮುಖ ನೋಡಿ ಕೈ ಎತ್ತುವ ಚಾಳಿ ಆಗ ತಪ್ಪುತ್ತದೆ. ಎಣಿಸಿ ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಎರಡು ನಿಮಿಷ ಪಕ್ಕದವರ ಜೊತೆ ಜಗಳಕ್ಕೆ ಬಿಟ್ಟು, ಮತ್ತೊಮ್ಮೆ ಎಣಿಸಿ. ಎಷ್ಟೋ ಸಲ ಪ್ರಯೋಗಕ್ಕಿಂತ ಈ ಎರಡು ನಿಮಿಷದಲ್ಲೇ ಕಲಿಕೆ ಜಾಸ್ತಿ.

ರಂಗಕ್ಕೆ ಯಾವ ಮಕ್ಕಳನ್ನ ಕರೀಬೇಕು?

ತಪ್ಪು ಊಹೆ ಮಾಡಿದವರನ್ನು. ಸರಿ ಹೇಳಿದವರು ಬಂದರೆ ಅದು ಬಹುಮಾನ ವಿತರಣೆ ಆಗುತ್ತದೆ. ಕರೆದ ಮಗುವಿಗೆ ನಿಜವಾದ ಕೆಲಸ ಕೊಡಿ (ಅಳೆಯುವುದು, ಸುರಿಯುವುದು, ಎಣಿಸುವುದು), ಬರೀ ತಟ್ಟೆ ಹಿಡಿದು ನಿಲ್ಲಿಸಬೇಡಿ. ಹುಡುಗಿಯರಿಗೆ ಹೂವು, ಹುಡುಗರಿಗೆ ಬ್ಯಾಟರಿ ಎಂಬ ಹಂಚಿಕೆಯೂ ಬೇಡ.

## ಪ್ರಯೋಗ ಕೈಕೊಟ್ಟಾಗ

ಬಲೂನು ಎಷ್ಟು ಉಜ್ಜಿದ್ರೂ ಕಾಗದದ ಚೂರು ಅಂಟ್ಕೊಳ್ಳಲ್ಲ. ಯಾಕೆ?

ಯಾವ ತಿಂಗಳಲ್ಲಿ ಮಾಡಿದಿರಿ? ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಗಾಳಿಯೇ ಒದ್ದೆ. ಬಲೂನಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು, ಉಜ್ಜಿ ಕೂಡಿಟ್ಟ ವಿದ್ಯುದಾವೇಶವೆಲ್ಲ ಅದರ ಮೂಲಕ ಸೋರಿಹೋಗುತ್ತದೆ. ಪಠ್ಯಪುಸ್ತಕದ ಚಿತ್ರ ಒಣ ಊರಿನವರು ಬರೆದದ್ದು ಅಂದುಕೊಳ್ಳಿ. ಆಗುಂಬೆಯ ಆಷಾಢಕ್ಕೆ ಅದು ಹೊಂದುವುದಿಲ್ಲ.

ಸ್ಥಿರವಿದ್ಯುತ್ತಿನ ಆಟವನ್ನು ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ, ಮಂಜು ಹರಿದ ಮೇಲೆ, ಹನ್ನೊಂದು ಗಂಟೆಯ ಹೊತ್ತಿಗೆ ಇಟ್ಟುಕೊಳ್ಳಿ. ಬಲೂನಿಗಿಂತ ಅರ್ಧ ಮೀಟರ್ ಪಿವಿಸಿ ಪೈಪು ಮತ್ತು ಉಣ್ಣೆಯ ಕಂಬಳಿಯ ತುಂಡು ನಂಬಿಕಸ್ತ ಜೋಡಿ. ಮಳೆಗಾಲದಲ್ಲಿ ಮಾಡಲೇಬೇಕಾದರೆ ಪೈಪು, ಕಂಬಳಿ, ಕಾಗದ ಮೂರನ್ನೂ ಒಲೆಯ ಹತ್ತಿರ ಬೆಚ್ಚಗಿಟ್ಟು, ತೆಗೆದ ಕೂಡಲೇ ಉಜ್ಜಿ. ಒಂದೆರಡು ನಿಮಿಷ ಕೆಲಸ ಮಾಡುತ್ತದೆ. ಒಣಗಿಸಿದ್ದು, ಒಣಗಿಸದ್ದು ಎರಡನ್ನೂ ತೋರಿಸಿದರೆ ವಿಫಲವಾದದ್ದೇ ಪಾಠವಾಗುತ್ತದೆ.

ಸೋಡಾ, ವಿನೆಗರ್ ಹಾಕಿದ್ರೂ ಬಲೂನು ಪೂರ್ತಿ ಊದಲ್ಲ. ಸೋಡಾ ಇನ್ನೂ ಜಾಸ್ತಿ ಹಾಕ್ಬೇಕಾ?

ಸೋಡಾ ಸುರಿದು ಲಾಭವಿಲ್ಲ. ಅಂಗಡಿಯ ವಿನೆಗರ್‌ನಲ್ಲಿ ಆಮ್ಲ ಇರುವುದು ಶೇ 4–5. ಅಂಥ 100 ಮಿಲಿಗೆ ಸರಿಹೋಗುವ ಅಡುಗೆ ಸೋಡಾ ಸುಮಾರು 7 ಗ್ರಾಂ, ಅಂದರೆ ಮಟ್ಟಸವಾಗಿ ಒಂದೂವರೆ ಟೀ ಚಮಚ. ಮಿಕ್ಕಿದ್ದು ತಳದಲ್ಲಿ ಕೂರುತ್ತದೆ. ಇಷ್ಟರಿಂದ ಬರುವ ಅನಿಲ ಸುಮಾರು ಎರಡು ಲೀಟರ್, ಅದರಲ್ಲೂ ಸ್ವಲ್ಪ ನೀರಲ್ಲೇ ಕರಗುತ್ತದೆ. ಬಲೂನು ಒಂದು ಗೇಣಿಗಿಂತ ಕಡಿಮೆ ಅಗಲಕ್ಕೆ ನಿಂತರೆ ಅದು ಸೋಲಲ್ಲ, ಲೆಕ್ಕಕ್ಕೆ ಸರಿಯಾಗಿಯೇ ಇದೆ. ಇನ್ನೂ ದೊಡ್ಡದು ಬೇಕಾದರೆ ಎರಡನ್ನೂ ದುಪ್ಪಟ್ಟು ಮಾಡಿ, ಒಂದು ಲೀಟರ್ ಬಾಟಲಿ ಬಳಸಿ.

ಅದಕ್ಕೂ ಕಡಿಮೆ ಊದಿದರೆ ಬಾಟಲಿಯ ಕಂಠದಲ್ಲಿ ಸೋರಿಕೆ ಇದೆ ಅಥವಾ ಬಲೂನು ಹೊಸದು, ಬಿಗಿ. ಮೊದಲೇ ಎರಡು ಸಲ ಬಾಯಲ್ಲಿ ಊದಿ ಗಾಳಿ ಬಿಟ್ಟಿರಬೇಕು. ‘ಬೇಕಿಂಗ್ ಪೌಡರ್’ ಬೇರೆ, ಅಡುಗೆ ಸೋಡಾ ಬೇರೆ. ಬಹಳ ಜನ ಎಡವುವುದು ಇಲ್ಲೇ.

ಕ್ಯಾನ್ ಅಪ್ಪಚ್ಚಿ ಆಗೋ ಪ್ರಯೋಗದಲ್ಲಿ ಕ್ಯಾನ್ ಹಾಗೇ ಉಳೀತು. ಎಲ್ಲಿ ತಪ್ಪಾಯ್ತು?

ಹತ್ತರಲ್ಲಿ ಎಂಟು ಸಲ, ಆತುರದಲ್ಲಿ. ತಂಪುಪಾನೀಯದ ಖಾಲಿ ಅಲ್ಯೂಮಿನಿಯಂ ಕ್ಯಾನಿಗೆ ಎರಡು ದೊಡ್ಡ ಚಮಚ (30 ಮಿಲಿ) ನೀರು ಹಾಕಿ ಸ್ಟೌ ಮೇಲಿಡಿ. ಆವಿ ಕಾಣಿಸಿದ ತಕ್ಷಣ ಎತ್ತಬೇಡಿ, ಜೋರಾಗಿ ಹೊಮ್ಮಲು ಶುರುವಾದ ಮೇಲೂ ಪೂರ್ತಿ ಒಂದು ನಿಮಿಷ ಬಿಡಿ. ಒಳಗಿನ ಗಾಳಿಯನ್ನೆಲ್ಲ ಆವಿ ಹೊರಗೆ ಅಟ್ಟಬೇಕಲ್ಲ. ಆಮೇಲೆ ಇಕ್ಕಳದಲ್ಲಿ ಹಿಡಿದು ತಣ್ಣೀರಿನ ಬೋಗುಣಿಗೆ ಬೋರಲು ಹಾಕಿ. ಕ್ಯಾನಿನ ಬಾಯಿ ನೀರೊಳಗೆ ಮುಳುಗಲೇಬೇಕು. ನೆಟ್ಟಗೆ ಇಟ್ಟರೆ ಹೊರಗಿನ ಗಾಳಿ ಒಳನುಗ್ಗಿ ಆಟ ಮುಗಿಯುತ್ತದೆ. ನೀರು ಪೂರ್ತಿ ಆರಿಹೋದ ಕ್ಯಾನನ್ನು ಬೆಂಕಿಯ ಮೇಲೆ ಬಿಡಬೇಡಿ, ಅಲ್ಯೂಮಿನಿಯಂ ಮೆತ್ತಗಾಗುತ್ತದೆ.

ಒಂದು ಮಿಲಿ ನೀರು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಹಾಗಾಗಿ 330 ಮಿಲಿ ಕ್ಯಾನಿನ ತುಂಬ ಇದ್ದ ಆವಿ ತಣ್ಣಗಾದರೆ ಉಳಿಯುವುದು ನಾಲ್ಕೇ ನಾಲ್ಕು ಹನಿ. ಈ ನಾಲ್ಕು ಹನಿಯನ್ನು ಫಿಲ್ಲರ್‌ನಲ್ಲಿ ತೊಟ್ಟಿಕ್ಕಿಸಿ ತೋರಿಸಿ: ‘ಕ್ಯಾನ್ ತುಂಬ ಇದ್ದದ್ದು ಇಷ್ಟೇ. ಮಿಕ್ಕ ಜಾಗ ಖಾಲಿ. ಹಾಗಾದರೆ ಅದನ್ನು ಹೊರಗಿನಿಂದ ಒತ್ತಿದ್ದು ಯಾರು?’

ಆನೆ ಟೂತ್‌ಪೇಸ್ಟ್ ಅಂತ ಯೂಟ್ಯೂಬಲ್ಲಿ ಛಾವಣಿ ತನಕ ಹಾರುತ್ತೆ. ನಮ್ಮದು ಬಾಟಲಿಯಿಂದ ಸುಮ್ನೆ ಇಳಿಯುತ್ತೆ.

ಬಾಟಲಿಯಿಂದ ನೊರೆ ಉಕ್ಕಿಸುವ ಈ ಪ್ರಯೋಗದಲ್ಲಿ ನೊರೆ ಇಳಿಯುವುದೇ ಸರಿ. ಛಾವಣಿ ಮುಟ್ಟುವುದು ಶೇ 30ರ ಹೈಡ್ರೋಜನ್ ಪೆರಾಕ್ಸೈಡ್. ಅದು ಚರ್ಮವನ್ನು ಸುಡುತ್ತದೆ, ಮಕ್ಕಳಿರುವ ಕಡೆ ಬೇಡವೇ ಬೇಡ. ಔಷಧಿ ಅಂಗಡಿಯಲ್ಲಿ ಸಿಗುವುದು ಶೇ 6ರದ್ದು, ಬಾಟಲಿಯ ಮೇಲೆ ‘20 ವಾಲ್ಯೂಮ್’ ಎಂದಿರುತ್ತದೆ. ತನ್ನ ಗಾತ್ರದ 20 ಪಟ್ಟು ಆಮ್ಲಜನಕ ಕೊಡುತ್ತದೆ ಎಂದು ಅದರ ಅರ್ಥ. ಹಾಗಾಗಿ 100 ಮಿಲಿಗೆ ಎರಡು ಲೀಟರ್.

ಕಿರಿದಾದ ಕಂಠದ ಅರ್ಧ ಲೀಟರ್ ಬಾಟಲಿಗೆ ಆ 100 ಮಿಲಿ, ಒಂದು ಚಮಚ ಪಾತ್ರೆ ತೊಳೆಯುವ ದ್ರವ. ಪಕ್ಕದಲ್ಲಿ ಒಂದು ಟೀ ಚಮಚ ಬೇಕರಿ ಯೀಸ್ಟನ್ನು ಮೂರು ದೊಡ್ಡ ಚಮಚ ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ನೆನೆಸಿ, ನಂತರ ಒಮ್ಮೆಲೇ ಸುರಿಯಿರಿ. ನೀರು ಬಿಸಿ ಹೆಚ್ಚಾದರೆ ಯೀಸ್ಟಿನ ಕಿಣ್ವ ಕೆಡುತ್ತದೆ. ತೆರೆದಿಟ್ಟು ಹಳೆಯದಾದ ಪೆರಾಕ್ಸೈಡಿನಲ್ಲಿ ಸತ್ವ ಉಳಿದಿರುವುದಿಲ್ಲ. ಕನ್ನಡಕ, ಕೈಗವಸು ಕಡ್ಡಾಯ. ನೊರೆಯೊಳಗೆ ಕೆಂಡವಿರುವ ಊದುಬತ್ತಿ ಹಿಡಿದರೆ ಝಗ್ಗೆಂದು ಹೊಳೆಯುತ್ತದೆ. ಛಾವಣಿಗೆ ಹಾರುವುದಕ್ಕಿಂತ ಇದು ಎಷ್ಟೋ ಒಳ್ಳೆಯ ನಾಟಕ.

ಹಿಂದಿನ ಸಾಲಿಗೆ ಏನೂ ಕಾಣಲ್ಲ ಅಂತ ಗಲಾಟೆ. ದೊಡ್ಡದಾಗಿ ಕಾಣೋ ಪ್ರಯೋಗ ಯಾವುದಿದೆ?

ಹೊಗೆಯ ಉಂಗುರ. ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್ಟಿನ ತಳಕ್ಕೆ 10 ಸೆಂಟಿಮೀಟರ್ ಅಗಲದ ದುಂಡು ತೂತು ಕೊರೆದು ಅಂಚನ್ನು ನುಣುಪು ಮಾಡಿ. ಬಕೆಟ್ಟಿನ ಬಾಯಿಗೆ ಹಳೆಯ ರೇನ್‌ಕೋಟಿನ ತುಂಡನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿ. ಒಳಗೆ ಧೂಪದ ಹೊಗೆ ತುಂಬಿಸಿ ಹಿಂದಿನಿಂದ ಒಂದು ತಟ್ಟು ಕೊಟ್ಟರೆ ಉಂಗುರ ತಿರುಗುತ್ತ ಹೊರಟು ಐದಾರು ಮೀಟರ್ ಆಚೆಯ ದೀಪ ಆರಿಸುತ್ತದೆ. ಹೊಗೆ ಇಲ್ಲದೆಯೂ ಆರಿಸುತ್ತದೆ, ಅದನ್ನೇ ಮೊದಲು ಮಾಡಿ. ‘ದೀಪ ಆರಿಸಿದ್ದು ಏನು?’ ಎಂದು ಪಣ ಕಟ್ಟಿಸಿ, ಆಮೇಲೆ ಹೊಗೆ ತುಂಬಿಸಿ. ಹಿನ್ನೆಲೆಗೆ ಕರಿ ಕಂಬಳಿ, ಫ್ಯಾನು ಬಂದ್. ತೂತು ದೊಡ್ಡದಾದರೆ ಅಥವಾ ಪ್ಲಾಸ್ಟಿಕ್ ಸಡಿಲಾದರೆ ಬರೀ ಹೊಗೆ ಉಗುಳುತ್ತದೆ.

ಆಟದ ಮಧ್ಯೆ ಕರೆಂಟ್ ಹೋದ್ರೆ?

ಮಳೆಗಾಲದಲ್ಲಿ ಹೋಗಿಯೇ ಹೋಗುತ್ತದೆ. ಮೈಕು, ಪ್ರೊಜೆಕ್ಟರ್ ಇಲ್ಲದೆ ನಡೆಯುವಂತೆಯೇ ಆಟ ಬರೆಯಿರಿ. ಒಂದು ಟಾರ್ಚು, ಒಂದು ಬಿಳಿ ಪಂಚೆ ಚೀಲದಲ್ಲಿರಲಿ, ಕತ್ತಲಾದರೆ ನೆರಳಿನ ದೃಶ್ಯಕ್ಕೆ ಜಿಗಿಯಿರಿ.

ನಮ್ಮನೆ ಹೆಂಚಿನ ಸಂದೀಲಿ ಬರೋ ಬಿಸಿಲು ನೆಲದ ಮೇಲೆ ಯಾವಾಗ್ಲೂ ದುಂಡಗೇ ಯಾಕಿರುತ್ತೆ?

ಆರನೇ ಕ್ಲಾಸಿನವರ ಪ್ರಶ್ನೆ, ಒಂದು ಆಟಕ್ಕೆ ಸಾಕಾಗುವಷ್ಟು ಒಳ್ಳೆಯದು. ಆ ದುಂಡು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ರಟ್ಟಿನಲ್ಲಿ ಮೂರು ಮಿಲಿಮೀಟರಿನ ತ್ರಿಕೋನ, ಚೌಕ, ನಕ್ಷತ್ರದ ತೂತು ಕೊರೆದು ಬಿಸಿಲಿಗೆ ಹಿಡಿಯಿರಿ. ನೆಲದ ಹತ್ತಿರ ಹಿಡಿದರೆ ತೂತಿನ ಆಕಾರವೇ ಬೀಳುತ್ತದೆ, ಮೇಲಕ್ಕೆ ಎತ್ತುತ್ತ ಹೋದಂತೆ ಎಲ್ಲವೂ ದುಂಡಾಗುತ್ತವೆ. ತೂತಿನಿಂದ ನೆಲಕ್ಕೆ ಬೆಳಕು ಬಂದ ದೂರವನ್ನು 108ರಿಂದ ಭಾಗಿಸಿದರೆ ಸರಿಸುಮಾರು ಚಿತ್ರದ ಅಗಲ: ಮೂರು ಮೀಟರಿಗೆ 2.8 ಸೆಂಟಿಮೀಟರ್. ಸ್ಕೇಲು ಹಿಡಿದು ಮಕ್ಕಳೇ ಅಳೆಯಲಿ. ಬಿಸಿಲು ಓರೆಯಾಗಿದ್ದರೆ ದುಂಡು ಮೊಟ್ಟೆಯಾಕಾರಕ್ಕೆ ಎಳೆಯುತ್ತದೆ, ಆಗ ಸಣ್ಣ ಅಗಲ ತೆಗೆದುಕೊಳ್ಳಬೇಕು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಗ್ಗೆ ಇದೇ ದುಂಡುಗಳು ಕುಡುಗೋಲಿನಂತೆ ಬಾಗಿದ್ದವು. ಸೂರ್ಯನನ್ನು ನೇರವಾಗಿ ನೋಡುವ ಆಟ ಮಾತ್ರ ಎಂದಿಗೂ ಬೇಡ.

## ಅಪಾಯ ಮತ್ತು ಪವಾಡ

ಬೆಂಕಿ ಇಲ್ದಿದ್ರೆ ಮಜಾ ಇಲ್ಲ ಅಂತಾರೆ ಹುಡುಗ್ರು. ಎಷ್ಟರ ಮಟ್ಟಿಗೆ ಸರಿ?

ಮೇಣದಬತ್ತಿ, ಸ್ಟೌ, ಊದುಬತ್ತಿ. ಅಲ್ಲಿಗೆ ನಿಲ್ಲಿಸಿ. ವಸ್ತುಪ್ರದರ್ಶನಗಳಲ್ಲಿ ಇಂದಿಗೂ ಮೆರೆಯುವ ಕಿತ್ತಳೆ ಬಣ್ಣದ ‘ಜ್ವಾಲಾಮುಖಿ’ ಅಮೋನಿಯಂ ಡೈಕ್ರೋಮೇಟ್. ಅದರ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ಹಾರುವ ಧೂಳು ಮುಂದಿನ ಸಾಲಿನ ಮೂಗಿಗೆ ಹೋಗುತ್ತದೆ. ಅದನ್ನು ಶಾಲೆಯಿಂದಲೇ ಹೊರಗಿಡಬೇಕು. ಉರಿಯುತ್ತಿರುವುದಕ್ಕೆ ಬಾಟಲಿಯಿಂದ ಸ್ಪಿರಿಟ್ ಸುರಿಯುವುದು ಇನ್ನೊಂದು ಯಮಪಾಶ, ಜ್ವಾಲೆ ಬಾಟಲಿಯೊಳಗೆ ನುಗ್ಗಿ ಎದುರಿಗಿದ್ದವರ ಮೇಲೆ ಚಿಮ್ಮುತ್ತದೆ. ಪಟಾಕಿ ಮದ್ದು, ಪಾದರಸ, ಗೋಡೆಯ ಪ್ಲಗ್ಗಿನ 230 ವೋಲ್ಟು, ಇವೂ ರಂಗಕ್ಕಲ್ಲ.

ಮುಂದಿನ ಸಾಲು ಎರಡು ಮೀಟರ್ ದೂರವಿರಲಿ, ಪಕ್ಕದಲ್ಲಿ ನೀರಿನ ಬಕೆಟ್ ಮತ್ತು ಒದ್ದೆ ಗೋಣಿ. ನೈಲಾನ್ ಸೀರೆ, ಹತ್ತಿಯ ಗಡ್ಡ ಹಾಕಿದ ಪಾತ್ರಧಾರಿ ಬೆಂಕಿಯ ಹತ್ತಿರ ಬರಬಾರದು. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಶಾಯಿ ಹಚ್ಚಬೇಡಿ.

ಪವಾಡ ಬಯಲು ಕಾರ್ಯಕ್ರಮನೂ ಇದೇ ಅಲ್ವಾ? ಊರಲ್ಲಿ ಯಾರಾದ್ರೂ ಬೇಜಾರು ಮಾಡ್ಕೊಂಡ್ರೆ?

ಉದ್ದೇಶ ಬೇರೆ. ಪವಾಡ ಬಯಲಿನಲ್ಲಿ ಗುಟ್ಟು ಒಡೆಯುವುದೇ ಗುರಿ, ನಮ್ಮಲ್ಲಿ ಗುಟ್ಟನ್ನು ಮಕ್ಕಳೇ ಹುಡುಕಬೇಕು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಸಂವಿಧಾನದ 51ಎ(ಎಚ್) ವಿಧಿಯಂತೆ ನಾಗರಿಕರ ಮೂಲಭೂತ ಕರ್ತವ್ಯ, ಆದ್ದರಿಂದ ಹಿಂಜರಿಯಬೇಕಿಲ್ಲ. ಆದರೆ ನಂಬಿಕೆಯ ಹಂಗಿಸುವಿಕೆ ಬೇಡ. ಅಜ್ಜಿಯನ್ನು ಆಡಿಕೊಂಡ ಆಟದಿಂದ ಮೊಮ್ಮಗಳು ಕಲಿಯುವುದು ಏನೂ ಇಲ್ಲ.

ಒಂದು ಸುರಕ್ಷಿತ ಉದಾಹರಣೆ: ಚಾಕುವಿನ ಅಲಗಿಗೆ ಕೆಂಪು ದಾಸವಾಳದ ಎಸಳನ್ನು ಚೆನ್ನಾಗಿ ಉಜ್ಜಿ ಒಣಗಿಸಿ. ನಿಂಬೆ ಕೊಯ್ದರೆ ‘ರಕ್ತ’ ಸುರಿಯುತ್ತದೆ, ದಾಸವಾಳದ ಬಣ್ಣ ಹುಳಿಗೆ ಕೆಂಪೇರುತ್ತದೆ. ಮಕ್ಕಳ ಕೈಗೆ ಹೂವು, ನಿಂಬೆ, ಸೋಪಿನ ನೀರು ಕೊಟ್ಟು ಹತ್ತು ನಿಮಿಷ ಬಿಡಿ, ಅವರೇ ಕಂಡುಹಿಡಿಯುತ್ತಾರೆ. ಅಂಗೈಯಲ್ಲಿ, ನಾಲಿಗೆಯ ಮೇಲೆ ಕರ್ಪೂರ ಉರಿಸುವುದನ್ನು ಮಾತ್ರ ಮಕ್ಕಳ ಎದುರು ಮಾಡಬೇಡಿ. ಮನೆಗೆ ಹೋಗಿ ಮಾಡಿಯೇ ಮಾಡುತ್ತಾರೆ.

## ಮುಂದುವರಿದವರಿಗೆ

ಲೋಟ ಮುಚ್ಚಿದ ಮೇಣದಬತ್ತಿ ಪ್ರಯೋಗದಲ್ಲಿ ‘ಆಮ್ಲಜನಕ ಖರ್ಚಾದಷ್ಟು ನೀರು ಏರುತ್ತೆ’ ಅಂತ ಹೇಳ್ಕೊಡ್ತಿದ್ವಿ. ತಪ್ಪಾ?

ತಪ್ಪು, ಮತ್ತು ಅದು ತಪ್ಪೆಂದು ಮಕ್ಕಳ ಎದುರೇ ಸಾಬೀತು ಮಾಡಬಹುದು. ತಟ್ಟೆಯ ನೀರಿನ ನಡುವೆ ಬತ್ತಿ ಹಚ್ಚಿಟ್ಟು, ಮೇಲೆ ಲೋಟ ಬೋರಲು ಹಾಕಿ ಗಮನಿಸಿ ನೋಡಿ: ದೀಪ ಉರಿಯುವಾಗ ನೀರು ಹೆಚ್ಚು ಏರುವುದಿಲ್ಲ, ಆರಿದ ಮೇಲೆ ಸರ್ರನೆ ಏರುತ್ತದೆ. ಆಮ್ಲಜನಕ ಖರ್ಚಾದದ್ದು ಉರಿಯುವಾಗಲ್ಲವೇ? ಎರಡನೆಯ ಸಾಕ್ಷಿ: ಅದೇ ಲೋಟದಡಿ ಮೂರು ಬತ್ತಿ ಇಡಿ. ಲೋಟದಲ್ಲಿರುವ ಆಮ್ಲಜನಕ ಅಷ್ಟೇ, ನೀರು ಮಾತ್ರ ಇನ್ನೂ ಮೇಲೆ ಹೋಗುತ್ತದೆ. ಲೋಟ ಮುಚ್ಚುವಾಗ ಬಿಸಿಗಾಳಿ ಹಿಗ್ಗಿ ಅಂಚಿನಿಂದ ಗುಳ್ಳೆಯಾಗಿ ಹೊರಬೀಳುತ್ತದೆ, ಆರಿದ ಮೇಲೆ ಉಳಿದದ್ದು ತಣ್ಣಗಾಗಿ ಕುಗ್ಗುತ್ತದೆ. ಮುಖ್ಯ ಕಾರಣ ಅದು. ಅಲ್ಲದೆ ಗಾಳಿಯಲ್ಲಿ ಆಮ್ಲಜನಕ ಶೇ 21ರಿಂದ 16ರ ಆಸುಪಾಸಿಗೆ ಇಳಿದಾಗಲೇ ಬತ್ತಿ ಆರುತ್ತದೆ, ಪೂರ್ತಿ ಮುಗಿಯುವುದೇ ಇಲ್ಲ.

ಹಳೆಯ ವಿವರಣೆಯನ್ನು ಒಬ್ಬ ಅರ್ಥಧಾರಿಯ ಬಾಯಲ್ಲಿ ಗಟ್ಟಿಯಾಗಿ ಹೇಳಿಸಿ, ಆಮೇಲೆ ಮೂರು ಬತ್ತಿ ಹಚ್ಚಿ. ಪುಸ್ತಕದ ಮಾತನ್ನೂ ಪರೀಕ್ಷಿಸಬಹುದೆಂದು ಮಕ್ಕಳಿಗೆ ಗೊತ್ತಾಗುವ ಗಳಿಗೆ ಅದು.

ಹೈಸ್ಕೂಲ್ ಮಕ್ಕಳಿಗೆ ಇದೆಲ್ಲ ಚಿಕ್ಕಮಕ್ಕಳ ಆಟ ಅನ್ಸುತ್ತೆ. ಭಾರಿಯಾದ್ದು ಏನಾದ್ರೂ?

ಗಾಳಿಯ ಒತ್ತಡ ಅಳೆಯುವ, ಹತ್ತು ಮೀಟರಿನ ನೀರಿನ ಬ್ಯಾರೋಮೀಟರ್. ಹನ್ನೊಂದು ಮೀಟರಾದರೂ ಎತ್ತರ ಬೇಕು: ಮೂರಂತಸ್ತಿನ ಕಟ್ಟಡ, ಮೆಟ್ಟಿಲಿರುವ ನೀರಿನ ಟ್ಯಾಂಕ್, ಕಡಿದಾದ ಧರೆ. ಮೇಲೆ ಹತ್ತುವವರು ದೊಡ್ಡವರೇ, ಹತ್ತುವುದು ಮಳೆ ಇಲ್ಲದ ದಿನವೇ.

ಅರ್ಧ ಇಂಚಿನ, ಒಳಗೆ ನೂಲಿನ ಬಲೆಯಿರುವ ದಪ್ಪ ಪಾರದರ್ಶಕ ಪೈಪು 12 ಮೀಟರ್ ತನ್ನಿ. ಗಾರೆಯವರ ತೆಳು ಲೆವೆಲ್ ಪೈಪು ಆಗದು, ಮೇಲ್ತುದಿಯಲ್ಲಿ ಒಳಗೆ ಖಾಲಿಯಾದಂತೆ ಹೊರಗಿನ ಗಾಳಿ ಅದನ್ನು ಚಪ್ಪಟೆ ಮಾಡಿಬಿಡುತ್ತದೆ. ಎರಡೂ ತುದಿಗೆ ವಾಲ್ವು, ಅದರ ಮೇಲೆ ಕ್ಲಿಪ್ಪು. ಪೈಪಿಗೆ ಒಂದೂವರೆ ಲೀಟರ್ ನೀರು ಹಿಡಿಯುತ್ತದೆ. ಮೂರು ಲೀಟರ್ ಕುದಿಸಿ ಆರಿಸಿ ಬಣ್ಣ ಕಲಸಿ. ಕುದಿಸದಿದ್ದರೆ ನೀರಲ್ಲಿ ಕರಗಿದ ಗಾಳಿ ಬಿಟ್ಟುಕೊಂಡು ಮೇಲೆ ಸೇರಿ ಲೆಕ್ಕ ಕೆಡಿಸುತ್ತದೆ. ನೆಲದ ಮೇಲೆ ಪೈಪು ಚಾಚಿ, ಆಲಿಕೆಯಿಂದ ತುಂಬಿ, ಬೆರಳಿಂದ ತಟ್ಟುತ್ತ ಗುಳ್ಳೆ ಹೊರಡಿಸಿ, ಎರಡೂ ವಾಲ್ವು ಮುಚ್ಚಿ. ಒಂದು ತುದಿ ನೀರಿನ ಬಕೆಟ್ಟಿನಲ್ಲಿ ಮುಳುಗಿರಲಿ, ಇನ್ನೊಂದನ್ನು ಹಗ್ಗ ಕಟ್ಟಿ ಮೇಲೆಳೆಯಿರಿ.

ಈಗ ಪಣ. ಕೆಳಗಿನ ವಾಲ್ವು ತೆರೆದರೆ ಏನಾಗುತ್ತದೆ? ಎಲ್ಲ ಸುರಿದುಹೋಗುತ್ತದೆಯೇ, ಹಾಗೇ ನಿಲ್ಲುತ್ತದೆಯೇ, ನಡುವೆ ಎಲ್ಲಾದರೂ ನಿಲ್ಲುತ್ತದೆಯೇ? ಮೂರನೆಯ ಪಕ್ಷದವರು ಪೈಪಿನ ಪಕ್ಕದ ಅಳತೆ ಹಗ್ಗದಲ್ಲಿ ತಮ್ಮ ಜಾಗಕ್ಕೆ ರಿಬ್ಬನ್ ಕಟ್ಟಿಸಲಿ. ತೆರೆಯಿರಿ. ನೀರು ಇಳಿದು ಬಕೆಟ್ಟಿನ ಮಟ್ಟದಿಂದ ಸುಮಾರು 9.3 ಮೀಟರಿನಲ್ಲಿ ನಿಲ್ಲುತ್ತದೆ. ಸಮುದ್ರದಂಡೆಯಲ್ಲಾದರೆ ಹತ್ತು ಮೀಟರ್. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮ ತಲೆಯ ಮೇಲಿನ ಗಾಳಿಯ ಹೊರೆ ಅಷ್ಟು ಕಡಿಮೆ. ಘಟ್ಟದ ಕೆಳಗೆ ಹೊನ್ನಾವರದ ಕಡೆ ಗುರುತಿನ ಶಾಲೆಯಿದ್ದರೆ ಅದೇ ದಿನ ಅವರೂ ಮಾಡಲಿ, ಫೋನಿನಲ್ಲಿ ಅಂಕಿ ಹೋಲಿಸಿ. ಮಟ್ಟ ನಿಧಾನವಾಗಿ ಇಳಿಯುತ್ತಲೇ ಇದ್ದರೆ ಮೇಲಿನ ವಾಲ್ವು ಸೋರುತ್ತಿದೆ.

ತೋಟ ಇರುವ ಮನೆಯ ಮಕ್ಕಳಿಗೆ ಆಮೇಲೆ ಒಂದೇ ಪ್ರಶ್ನೆ ಹಾಕಿ: ದಂಡೆಯ ಮೇಲಿಟ್ಟ ಪಂಪು ಹನ್ನೆರಡು ಮೀಟರ್ ಆಳದ ಬಾವಿಯ ನೀರನ್ನು ಎಳೆಯುವುದಿಲ್ಲ, ಎಷ್ಟು ಎಚ್‌ಪಿ ಹಾಕಿದರೂ. ಯಾಕೆ? ಪಂಪು ನೀರನ್ನು ಎಳೆಯುವುದೇ ಇಲ್ಲ, ಒಳಗಿನ ಗಾಳಿ ತೆಗೆದು ಜಾಗ ಮಾಡಿಕೊಡುತ್ತದೆ, ಮೇಲಕ್ಕೆ ದೂಡುವುದು ಹೊರಗಿನ ಗಾಳಿ. ಅದರ ಶಕ್ತಿ ಅಷ್ಟಕ್ಕೇ ಮುಗಿಯಿತು. ಬಳಕೆಯಲ್ಲಿ ಏಳೆಂಟು ಮೀಟರಿಗೇ ಸುಸ್ತು. ಸಬ್‌ಮರ್ಸಿಬಲ್ ಪಂಪು ನೀರೊಳಗೇ ಕೂತು ಕೆಳಗಿನಿಂದ ದೂಡುವುದರಿಂದ ಅದಕ್ಕೆ ಈ ಕಟ್ಟಿಲ್ಲ.

ಜೋಗಕ್ಕೆ ಟ್ರಿಪ್ ಹೋಗ್ತಿದೀವಿ. ಅಲ್ಲೇ ಏನಾದ್ರೂ ಆಡಿಸಬಹುದಾ?

ಆಡಿಸಬಹುದು, ಕಟಕಟೆಯಿಂದ ಹಿಂದೆ ನಿಂತು. ಜೋಗದ ಎತ್ತರ 253 ಮೀಟರ್. ಗಾಳಿಯ ಅಡ್ಡಿ ಇಲ್ಲದಿದ್ದರೆ ನೀರು 7.2 ಸೆಕೆಂಡಿನಲ್ಲಿ ತಳ ಸೇರಿ, ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸಬೇಕು. ಈ ಲೆಕ್ಕ ಕ್ಲಾಸಿನಲ್ಲೇ ಮಾಡಿಸಿಕೊಂಡು ಹೋಗಿ. ಅಲ್ಲಿ ನೀರಿನ ಒಂದು ಬಿಳಿ ಗುಪ್ಪೆಯನ್ನು ಕಣ್ಣಲ್ಲೇ ಹಿಂಬಾಲಿಸುತ್ತ ಗುಂಪಾಗಿ ಎಣಿಸಲಿ, ಒಬ್ಬರು ಸ್ಟಾಪ್‌ವಾಚ್ ಹಿಡಿಯಲಿ. ರಾಜಾ, ರಾಣಿ, ರೋರರ್, ರಾಕೆಟ್‌ಗಳಿಗೆ ಒಂದೊಂದು ಗುಂಪು. ನೀರು ಲೆಕ್ಕಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದು ಕಾಣುತ್ತದೆ. ಬೀಳುತ್ತ ಗಾಳಿಗೆ ಹರಿದು ಹನಿಯಾದ ನೀರಿಗೆ ವೇಗದ ಮಿತಿ ಇದೆ: ದೊಡ್ಡ ಮಳೆಹನಿಯೂ ಸೆಕೆಂಡಿಗೆ 9 ಮೀಟರ್ ದಾಟುವುದಿಲ್ಲ. ಬಂಡೆಗೆ ತಗುಲಿಕೊಂಡು ಇಳಿಯುವ ಕವಲಿಗೆ ಕಾರಣ ಬೇರೆ, ಅದನ್ನು ವಾದಕ್ಕೆ ಬಿಡಿ.

ಮಕ್ಕಳು ಚಪ್ಪಾಳೆ ತಟ್ಟಿದ್ರು, ಖುಷಿ ಪಟ್ರು. ಅರ್ಥ ಆಯ್ತಾ ಅಂತ ಹೇಗೆ ಗೊತ್ತಾಗುತ್ತೆ?

ಚಪ್ಪಾಳೆಯಿಂದ ಗೊತ್ತಾಗುವುದಿಲ್ಲ, ‘ಅರ್ಥ ಆಯ್ತಾ?’ ಎಂದು ಕೇಳಿದರೂ ಗೊತ್ತಾಗುವುದಿಲ್ಲ. ಒಂದು ವಾರ ಬಿಟ್ಟು, ಅದೇ ತತ್ವದ ಆದರೆ ನೋಡಲು ಬೇರೆಯೇ ಆದ ಪ್ರಶ್ನೆ ಹಾಕಿ. ಕ್ಯಾನಿನ ಆಟ ಆಡಿದ್ದರೆ: ‘ಬಿಸಿ ಸಾರು ತುಂಬಿ ಮುಚ್ಚಿದ ಸ್ಟೀಲ್ ಡಬ್ಬಿಯ ಮುಚ್ಚಳ ಆರಿದ ಮೇಲೆ ಯಾಕೆ ಬರುವುದಿಲ್ಲ? ತೆಗೆಯಲು ಏನು ಮಾಡುತ್ತೀರಿ?’ ಅರಿಶಿನದ ಆಟಕ್ಕೆ: ‘ಬೂದಿ ನೀರು ಹಾಕಿದರೆ ಯಾವ ಬಣ್ಣ? ಮಜ್ಜಿಗೆ ಹಾಕಿದರೆ?’ ಉತ್ತರದ ಜೊತೆ ಕಾರಣವನ್ನೂ ಬರೆಸಿ. ಆಟದ ದಿನ ಬೋರ್ಡಿನ ಮೇಲೆ ಬರೆದ ಪಣದ ಅಂಕಿಗಳನ್ನು ಇಟ್ಟುಕೊಂಡಿದ್ದರೆ ಪಕ್ಕದಲ್ಲಿಟ್ಟು ನೋಡಿ. ತಪ್ಪು ಕಾರಣವೇ ಮತ್ತೆ ಮತ್ತೆ ಬಂದರೆ ಮುಂದಿನ ಆಟದಲ್ಲಿ ಅದನ್ನೇ ಹಾಸ್ಯಗಾರನ ಮಾತಾಗಿ ಬರೆದುಕೊಳ್ಳಿ.